ಕೋರಂ ಆಗದಂತೆ ನೋಡಿಕೊಂಡರೆ?

ಪ್ರಶ್ನೆ: ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತವಂತೆ, ನಿಜವಾ? ಆ ಮಾತನ್ನೇ ಕೆಡಿಸಿದರೆ ಆಂಟಿಬಯೋಟಿಕ್ ಇಲ್ಲದೆ ಸೋಂಕು ವಾಸಿಯಾಗುತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಅವುಗಳ ಮಾತು ಅಂದರೆ ಒಂದು ರಾಸಾಯನಿಕ, ಪ್ರತಿ ಬ್ಯಾಕ್ಟೀರಿಯಾ ಅದನ್ನು ಚೂರುಚೂರೇ ಹೊರಗೆ ಬಿಡುತ್ತಿರುತ್ತದೆ. ಒಂಟಿಯಾಗಿದ್ದರೆ ಅದು ಸುತ್ತಲಿನ ನೀರಲ್ಲಿ ತೆಳುವಾಗಿ ಹೋಗುತ್ತದೆ. ಗುಂಪು ದೊಡ್ಡದಾದರೆ ದಟ್ಟವಾಗುತ್ತದೆ, ಆಗ ಎಲ್ಲವೂ ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಸೊಸೈಟಿ ಮೀಟಿಂಗಲ್ಲಿ ಕೋರಂ ಆದ ಮೇಲೇ, ಅಂದರೆ ಬೇಕಾದಷ್ಟು ಜನ ಸೇರಿದ ಮೇಲೇ, ಠರಾವು ಪಾಸ್ ಮಾಡುತ್ತಾರಲ್ವಾ, ಹಾಗೆ. ವಿಜ್ಞಾನಿಗಳೂ 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಅಂತಲೇ ಹೆಸರಿಟ್ಟರು.

ಇದು ಮೊದಲು ಗೊತ್ತಾಗಿದ್ದು ಬೆಳಕು ಕೊಡುವ ಸಮುದ್ರದ ಬ್ಯಾಕ್ಟೀರಿಯಾದಿಂದ. 1970ರಲ್ಲಿ ನೀಲ್ಸನ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು ಅದನ್ನು ಬಾಟಲಿಯಲ್ಲಿ ಬೆಳೆಸಿ ನೋಡಿದಾಗ, ಸಂಖ್ಯೆ ಏರುತ್ತಲೇ ಇದೆ, ಬೆಳಕು ಮಾತ್ರ ಏರುತ್ತಿಲ್ಲ, ಕೊನೆಗೆ ಬಾಟಲಿ ಕಿಕ್ಕಿರಿದ ಮೇಲೆ ಎಲ್ಲವೂ ಜೋರಾಗಿ ಹೊಳೆಯತೊಡಗಿದವು!

ಸೂಡೋಮೊನಾಸ್ ಅನ್ನುವ ರೋಗಾಣು ಸುಟ್ಟ ಗಾಯದಲ್ಲಿ, ರೋಗಿಗೆ ಹಾಕಿದ ಮೂತ್ರದ ಪೈಪಿನೊಳಗೆ ಮಾಡುವುದೂ ಇದನ್ನೇ. ಜನ ಸೇರುವ ತನಕ ಸುಮ್ನೆ ಇದ್ದು, ಆಮೇಲೆ ವಿಷ ಬಿಡುತ್ತದೆ. ಲೋಳೆ ಹೊದ್ದುಕೊಳ್ಳುವುದಕ್ಕೂ ಈ ಮಾತುಕತೆ ನೆರವಾಗುತ್ತದೆ. ನೀರಿನ ತೊಟ್ಟಿಯ ಗೋಡೆ ಮುಟ್ಟಿದರೆ ಜಾರುತ್ತಲ್ಲ, ಅಂಥ ಲೋಳೆ. ಅದರೊಳಗೆ ಕೂತ ರೋಗಾಣುವಿಗೆ ಔಷಧಿ ನಾಟುವುದು ಕಷ್ಟ. ಆಸ್ಟ್ರೇಲಿಯಾದ ಒಂದು ಕೆಂಪು ಕಡಲಪಾಚಿ ಈ ಲೋಳೆಯನ್ನು ಮೈಗೆ ಅಂಟಿಸಿಕೊಳ್ಳುವುದೇ ಇಲ್ಲ. ಅದರಲ್ಲಿರುವ ಫ್ಯೂರನೋನ್ ಅನ್ನುವ ವಸ್ತು ಬ್ಯಾಕ್ಟೀರಿಯಾದ ರಾಸಾಯನಿಕದಂತೆಯೇ ಕಾಣುತ್ತದೆ, ಕಿವಿಗೆ ಹತ್ತಿ ತುರುಕಿದ ಹಾಗೆ ಮಾತು ಕೇಳಿಸದಂತೆ ಮಾಡುತ್ತದೆ. ಔಷಧಿ ಮಾಡೋಣ ಅಂದರೆ ಅದು ನಮಗೂ ವಿಷ.

ಈಗ ನಿಮ್ಮ ಪ್ರಶ್ನೆ. ಮಾತು ಕೆಡಿಸಿದರೆ ರೋಗಾಣು ಸಾಯುವುದಿಲ್ಲ, ಅದರ ಪುಂಡಾಟ ನಿಲ್ಲುತ್ತದೆ ಅಷ್ಟೇ, ಉಳಿದದ್ದನ್ನು ನಮ್ಮ ಮೈಯೋ ಆಂಟಿಬಯೋಟಿಕ್ಕೋ ನೋಡಿಕೊಳ್ಳಬೇಕು. ಎಲ್ಲದಕ್ಕೂ ಬಾಯಿ ಮುಚ್ಚಿಸುವುದೂ ತಪ್ಪು. ಕಾಲರಾ ರೋಗಾಣುವಿನದು ಪೂರ್ತಿ ಉಲ್ಟಾ! ಕಡಿಮೆ ಇದ್ದಾಗ ಕರುಳಿಗೆ ಅಂಟಿಕೊಂಡು ವಿಷ ಬಿಡುತ್ತದೆ, ಕೋರಂ ಆದ ಮೇಲೆ ಅದನ್ನು ನಿಲ್ಲಿಸಿ ಹೊರಗೆ ಹೊರಡುತ್ತದೆ. ಅಲ್ಲಿ ಮಾತು ತಡೆದರೆ ಕೆಟ್ಟಿತು, ಬದಲಿಗೆ ‘ಕೋರಂ ಆಯ್ತು’ ಅಂತ ಸುಳ್ಳು ಹೇಳಬೇಕು. ಆ ಸುಳ್ಳು ಹೇಳುವ ಹಾಗೆ ತಿದ್ದಿದ ನಿರುಪದ್ರವಿ ಬ್ಯಾಕ್ಟೀರಿಯಾವನ್ನು 2010ರಲ್ಲಿ ಇಲಿಮರಿಗಳಿಗೆ ಮೊದಲೇ ಕುಡಿಸಿ ನೋಡಿದಾಗ ಕಾಲರಾದಿಂದ ಹೆಚ್ಚು ಮರಿಗಳು ಬದುಕಿಕೊಂಡವು.

ಹಾಂ, ಬೆಳ್ಳುಳ್ಳಿಯ ಅಜೋಯೀನ್ ಅನ್ನುವ ವಸ್ತು ಕೂಡ ಸೂಡೋಮೊನಾಸ್ ಮಾತು ಕೆಡಿಸುತ್ತದೆ. ಲ್ಯಾಬಿನಲ್ಲಿ! ಅದನ್ನು ಓದಿ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಬೆಳ್ಳುಳ್ಳಿ ಜಗಿಯುತ್ತಾ ಕೂರಬೇಡಿ.