ತೀರ್ಥಹಳ್ಳಿ ತೋಟದ ಉಪಗ್ರಹ ಚಿತ್ರ ಯಾರ ಹತ್ತಿರ ಸಿಗುತ್ತೆ: ಇಸ್ರೋ, ನಾಸಾ, ಯುರೋಪು, ಜಪಾನು?

ನಿಮ್ಮ ಪ್ರಶ್ನೆ ನಾನು ಅರ್ಥ ಮಾಡಿಕೊಂಡಿದ್ದು ಹೀಗೆ: ತೀರ್ಥಹಳ್ಳಿ ಕಡೆ ಮೂರು ಎಕರೆ ಅಡಿಕೆ ತೋಟ ಇದೆ, ಗೂಗಲ್ ಮ್ಯಾಪ್‌ನಲ್ಲಿರೋ ‘ನಾಸಾ ಫೋಟೊ’ ಹಳೇದಾಗಿದೆ, ಹೊಸ ಚಿತ್ರವನ್ನ ಯಾವ ದೇಶದ ಬಾಹ್ಯಾಕಾಶ ಸಂಸ್ಥೆ ಪುಕ್ಕಟೆ ಕೊಡುತ್ತೆ, ಅದರಲ್ಲಿ ರೋಗ ಮತ್ತು ಮಳೆ ಗೊತ್ತಾಗುತ್ತಾ?

ಮೊದಲು ಗೂಗಲ್ ವಿಷಯ. ಒಂದೊಂದು ಮರದ ತಲೆ ಕಾಣುವಷ್ಟು ಹತ್ತಿರಕ್ಕೆ ಹೋದಾಗ ನೀವು ನೋಡ್ತಿರೋದು ನಾಸಾದ್ದಲ್ಲ. ಅದು ಖಾಸಗಿ ಕಂಪನಿಗಳ ಉಪಗ್ರಹ ತೆಗೆದದ್ದು, ಒಂದು ಜಾಗದ ಚಿತ್ರ ವರ್ಷಗಟ್ಟಲೆ ಬದಲಾಗದೆ ಇರಬಹುದು. ಅಷ್ಟು ಸ್ಪಷ್ಟವಾದ ಹೊಸ ಚಿತ್ರವನ್ನು ಯಾವ ಸರ್ಕಾರಿ ಸಂಸ್ಥೆಯೂ ಸುಮ್ಮನೆ ಕೊಡಲ್ಲ. ನಮ್ಮ ಇಸ್ರೋದ ಕಾರ್ಟೊಸ್ಯಾಟ್-3ಕ್ಕೆ ಆ ಕಣ್ಣಿದೆ, ಸುಮಾರು 25 ಸೆಂಟಿಮೀಟರ್‌ವರೆಗೆ ನೋಡುತ್ತೆ, ಆದರೆ ಆ ಚಿತ್ರ ನಿಮಗೂ ನನಗೂ ಉಚಿತವಾಗಿ ತೆರೆದಿಟ್ಟದ್ದಲ್ಲ.

ಎರಡನೇ ಗೊಂದಲ ಸಂಸ್ಥೆಗಳದ್ದು. ಉಪಗ್ರಹ ಕಟ್ಟೋರು ಒಬ್ಬರು, ಚಿತ್ರ ಹಂಚೋರು ಇನ್ನೊಬ್ಬರು, ಎಷ್ಟೋ ಸಲ ದುಡ್ಡು ಹಾಕೋರು ಮೂರನೆಯವರು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳನ್ನು ಮಾಡಿಸಿ ಹಾರಿಸೋದು ನಾಸಾ, ಆದರೆ ಅವನ್ನು ನಡೆಸಿ ಚಿತ್ರ ಕೊಡೋದು ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್. ಸೆಂಟಿನೆಲ್ ಉಪಗ್ರಹಗಳು ಯುರೋಪಿಯನ್ ಒಕ್ಕೂಟದ ಕೊಪರ್ನಿಕಸ್ ಯೋಜನೆಯವು, ಕಟ್ಟಿಸಿದ್ದು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಸಾ. ಇಸಾ ಅಂದರೆ ಒಕ್ಕೂಟದ ಇಲಾಖೆ ಅಲ್ಲ. ಒಕ್ಕೂಟದ ಹೊರಗಿರೋ ಬ್ರಿಟನ್, ನಾರ್ವೆ, ಸ್ವಿಟ್ಜರ್ಲೆಂಡ್ ಕೂಡ ಅದರ ಸದಸ್ಯರು. ನಮ್ಮಲ್ಲಿ ಇಸ್ರೋ ಕಚೇರಿ ಬೆಂಗಳೂರಲ್ಲಿದ್ದರೂ ನೆಲದ ಚಿತ್ರ ಸಿಗೋದು ಹೈದರಾಬಾದಿನಲ್ಲಿರೋ ಅದರದೇ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿಯಿಂದ, ಮೋಡದ ಚಿತ್ರ ಅಹಮದಾಬಾದಿನಲ್ಲಿರೋ ಅದರ ಹವಾಮಾನ ದತ್ತಾಂಶ ಕೇಂದ್ರ ಮಾಸ್‌ಡಾಕ್‌ನಿಂದ. ‘ಇಸ್ರೋ ವೆಬ್‌ಸೈಟಲ್ಲಿ ಏನೂ ಸಿಗಲಿಲ್ಲ’ ಅಂತ ಬೇಜಾರಾಗೋರು ಸಾಮಾನ್ಯವಾಗಿ ತಪ್ಪು ಬಾಗಿಲು ತಟ್ಟಿರ್ತಾರೆ. ರಷ್ಯಾದ ರಾಸ್ಕಾಸ್ಮಾಸ್, ಚೀನಾದ ಸಿಎನ್‌ಎಸ್‌ಎ ಹೆಸರುವಾಸಿಯಾಗಿರೋದು ಬೇರೆ ಕೆಲಸಗಳಿಗೆ. ನಿಮ್ಮ ತೋಟದ ಮಟ್ಟಿಗೆ ಮರೆತರೂ ನಡೆಯುತ್ತೆ.

ನಿಮಗೆ ಬೇಕಾದ್ದು ಸೆಂಟಿನೆಲ್-2. ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ಒಂದೇ ಜಾಗದ ಮೇಲೆ ಹೋಗ್ತವೆ, ನಮ್ಮ ಕಡೆಗೆ ಬರೋದು ಬೆಳಿಗ್ಗೆ ಸುಮಾರು 11 ಗಂಟೆ ಹೊತ್ತಿಗೆ. ಒಂದು ಚೌಕ, ಅಂದರೆ ಒಂದು ಪಿಕ್ಸೆಲ್, 10 ಮೀಟರ್ ಉದ್ದ 10 ಮೀಟರ್ ಅಗಲ. 100 ಚದರ ಮೀಟರ್ ಅಂದರೆ ಹೆಚ್ಚುಕಮ್ಮಿ ಒಂದು ಗುಂಟೆ. ಹಾಗಾಗಿ ಲೆಕ್ಕ ಸುಲಭ: ನಿಮ್ಮ ಮೂರು ಎಕರೆಗೆ ಸುಮಾರು 120 ಚೌಕ. ಒಂಬತ್ತು ಅಡಿ ಅಂತರದ ತೋಟವಾದರೆ ಒಂದು ಚೌಕಕ್ಕೆ ಹದಿಮೂರು ಹದಿನಾಲ್ಕು ಮರ ಬೀಳುತ್ತೆ, ಅವುಗಳ ಜೊತೆ ಕಾಳುಮೆಣಸಿನ ಬಳ್ಳಿ, ಬಾಳೆ, ಸಾಲಿನ ನಡುವಿನ ಬಸಿಗಾಲುವೆ (ಕಪ್ಪು) ಎಲ್ಲ ಸೇರಿ ಒಂದೇ ಬಣ್ಣವಾಗಿ ಬರುತ್ತೆ. ಒಂದು ಮರ ಒಣಗಿದ್ದು ಅದರಲ್ಲಿ ಕಾಣಲ್ಲ. ಒಂದು ಮೂಲೆ ಪೂರ್ತಿ ಸೊರಗಿದ್ದು ಕಾಣುತ್ತೆ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಚೌಕ 30 ಮೀಟರ್, ಒಂಬತ್ತು ಗುಂಟೆ. ಅದು ಇಷ್ಟು ಸಣ್ಣ ಹಿಡುವಳಿಗೆ ಒರಟಾಯಿತು, ಆದರೆ ಹಳೇ ದಾಖಲೆ ಬೇಕಾದರೆ ಅದೇ ಗತಿ. ಸರಣಿ ಶುರುವಾದದ್ದು 1972ರಲ್ಲಿ, 2008ರಿಂದ ಎಲ್ಲ ಪುಕ್ಕಟೆ.

ಚಿತ್ರ ತೆಗೆಯೋ ದಾರಿ: ಕೊಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟ್ ತೆರೆಯಿರಿ, ಊರಿನ ಹೆಸರು ಹಾಕಿ ತೋಟದ ಮೇಲೆ ಬನ್ನಿ, ಸೆಂಟಿನೆಲ್-2ರಲ್ಲಿ ‘ಎಲ್‌2ಎ’ ಆರಿಸಿ. ಇದು ಗಾಳಿಯ ಮಬ್ಬು ಕಳೆದ ಚಿತ್ರ. ‘ಎಲ್‌1ಸಿ’ಯಲ್ಲಿ ಮಬ್ಬು ಹಾಗೇ ಇರುತ್ತೆ. ನೋಡೋಕೆ ಲಾಗಿನ್ ಬೇಡ, ಇಳಿಸಿಕೊಳ್ಳೋಕೆ ಬೇಕು, ಅದೂ ಉಚಿತ. ದಿನಾಂಕದ ಹತ್ತಿರ ಮೋಡದ ಶೇಕಡಾವಾರು ಹಾಕಿರ್ತಾರೆ, ಅದನ್ನು ನೋಡಿ ಕೈಬಿಡಬೇಡಿ. ಆ ಲೆಕ್ಕ ಸುಮಾರು 110 ಕಿಲೋಮೀಟರ್ ಅಗಲದ ಇಡೀ ಹಾಳೆಯದ್ದು. ಶೇಕಡಾ 60 ಮೋಡ ಅಂತಿದ್ದ ದಿನವೂ ನಿಮ್ಮ ತೋಟದ ಮೇಲೆ ಬಿಸಿಲಿರಬಹುದು. ತೆರೆದೇ ನೋಡಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆಸೆ ಬೇಡ, ಬರೀ ಬಿಳಿ. ನಮ್ಮ ಕಡೆಗೆ ಒಳ್ಳೇ ಚಿತ್ರ ಬರೋದು ನವೆಂಬರ್ ನಡುವಿಂದ ಮಾರ್ಚ್‌ವರೆಗೆ. ಡಿಸೆಂಬರಿನ ಇಬ್ಬನಿ 11 ಗಂಟೆ ಹೊತ್ತಿಗೆ ಬಹುಪಾಲು ಕರಗಿರುತ್ತೆ, ಆದರೆ ಬಿಸಿಲು ಓರೆ ಇರೋದ್ರಿಂದ ಉತ್ತರಕ್ಕೆ, ವಾಯವ್ಯಕ್ಕೆ ಇಳಿದ ಇಳಿಜಾರಿನ ತೋಟ ನೆರಳಲ್ಲಿ ಕಪ್ಪಾಗಿ ಕಾಣುತ್ತೆ. ಅದನ್ನು ರೋಗ ಅಂದುಕೊಳ್ಳೋದು ಸಾಮಾನ್ಯ ತಪ್ಪು. ಹೋಲಿಸೋದಾದರೆ ಫೆಬ್ರವರಿಗೆ ಫೆಬ್ರವರಿ, ಬೇರೆ ಬೇರೆ ವರ್ಷದ್ದು. ಡಿಸೆಂಬರಿಗೂ ಏಪ್ರಿಲಿಗೂ ಹೋಲಿಸಿದರೆ ಸಿಗೋದು ಋತುವಿನ ವ್ಯತ್ಯಾಸ ಅಷ್ಟೇ.

ಹಸಿರು ಅಳೆಯೋಕೆ ಎಲ್ಲರೂ ಹೇಳೋದು ಎನ್‌ಡಿವಿಐ ಅನ್ನೋ ಸೂಚ್ಯಂಕ. ಉಪಗ್ರಹ ಬೆಳಕನ್ನು ಬಣ್ಣವಾರು ಪಟ್ಟಿಗಳಾಗಿ (ಬ್ಯಾಂಡ್) ಅಳೆಯುತ್ತೆ, ಒಂದೊಂದಕ್ಕೂ ಒಂದು ನಂಬರ್. ಕಣ್ಣಿಗೆ ಕಾಣದ ಅವಕೆಂಪು ಪಟ್ಟಿ ಬಿ8, ಕೆಂಪು ಪಟ್ಟಿ ಬಿ4. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು. ಮಲೆನಾಡಿನ ಒತ್ತು ತೋಟದಲ್ಲಿ ಇದು 0.8ರ ಆಸುಪಾಸಿಗೆ ಹೋಗಿ ನಿಂತುಬಿಡುತ್ತೆ, ತೋಟಕ್ಕೂ ಪಕ್ಕದ ಸೊಪ್ಪಿನ ಬೆಟ್ಟಕ್ಕೂ ವ್ಯತ್ಯಾಸ ತೋರಿಸಲ್ಲ. ನಾನು ಹೇಳೋದು, ಬ್ರೌಸರಿನ ಕಸ್ಟಮ್‌ನಲ್ಲಿ ಇಂಡೆಕ್ಸ್ ತೆರೆದು ಬಿ8ಎ (ಇನ್ನೊಂದು ಅವಕೆಂಪು ಪಟ್ಟಿ) ಮತ್ತು ಬಿ5 (ಕೆಂಪು, ಅವಕೆಂಪಿನ ನಡುವಿನ ಪಟ್ಟಿ) ಹಾಕಿ. ಚೌಕ 20 ಮೀಟರ್ ಆಗುತ್ತೆ, ಆದರೂ ಒತ್ತು ಹಸಿರಿನೊಳಗಿನ ಏರುಪೇರು ಅದರಲ್ಲಿ ಚೆನ್ನಾಗಿ ಕಾಣುತ್ತೆ. ಬೇಸಿಗೆಯಲ್ಲಿ ಯಾವ ಮೂಲೆ ಮೊದಲು ನೀರಿಗೆ ಸೋಲುತ್ತೆ ಅಂತ ನೋಡೋಕೆ ಬಿ8ಎ ಮತ್ತು ಎಲೆಯ ನೀರಿನಂಶ ತೋರಿಸೋ ಬಿ11.

ಕಚ್ಚಾ ಫೈಲ್ ಇಳಿಸಿ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ನೀವೇ ಲೆಕ್ಕ ಹಾಕೋದಾದರೆ ಎಡವೋ ಜಾಗ ಒಂದಿದೆ. 2022ರ ಜನವರಿ 25ರಿಂದ ಈಚಿನ ಫೈಲ್‌ಗಳಲ್ಲಿ ಪ್ರತಿ ಪಟ್ಟಿಯ ಸಂಖ್ಯೆಗೂ 1000 ಕೂಡಿಸಿರ್ತಾರೆ. ಅದನ್ನು ಕಳೆಯದೆ ಲೆಕ್ಕ ಹಾಕಿದರೆ ಹೀಗಾಗುತ್ತೆ: ನಿಜವಾದ ಸಂಖ್ಯೆ ಬಿ8ರಲ್ಲಿ 4000, ಬಿ4ರಲ್ಲಿ 400 ಇದ್ದರೆ ಎನ್‌ಡಿವಿಐ 0.82. ಕಳೆಯದಿದ್ದರೆ 5000 ಮತ್ತು 1400, ಉತ್ತರ 0.56. ಹಳೇ ಫೈಲ್ ಜೊತೆ ಇಟ್ಟು ನೋಡಿದರೆ ಇಡೀ ತಾಲ್ಲೂಕಿನ ತೋಟಕ್ಕೆ ರೋಗ ಬಡಿದ ಹಾಗೆ ಕಾಣುತ್ತೆ. ಬ್ರೌಸರಿನಲ್ಲೇ ನೋಡಿದರೆ ಈ ತಲೆನೋವಿಲ್ಲ, ಅದೇ ಸರಿ ಮಾಡಿಕೊಳ್ಳುತ್ತೆ.

ಇನ್ನು ರೋಗ. ಕೊಳೆರೋಗ ಗೊನೆಗೆ ಬರೋದು, ಮಳೆಗಾಲದಲ್ಲಿ. ಉಪಗ್ರಹ ನೋಡೋದು ಮೇಲಿನ ಸೋಗೆ, ಅದೂ ಮೋಡ ಇಲ್ಲದಾಗ. ಎರಡೂ ಕಡೆಯಿಂದ ಕೆಟ್ಟಿತು. ಬೋರ್ಡೊ ದ್ರಾವಣ ಹೊಡೆಯೋ ದಿನವನ್ನ ಯಾವ ದೇಶದ ಉಪಗ್ರಹ ನೋಡಿಯೂ ನಿರ್ಧರಿಸಬೇಡಿ. ಎಲೆಚುಕ್ಕಿ ರೋಗ ಕೆಳಗಿನ ಹಳೇ ಸೋಗೆಯಿಂದ ಮೇಲೇರೋದು, ಚಿತ್ರದಲ್ಲಿ ಬಣ್ಣ ಬದಲಾಗೋ ಹೊತ್ತಿಗೆ ನಿಮಗೆ ದಾರೀಲಿ ನಿಂತೇ ಕಂಡಿರುತ್ತೆ. ಹಳದಿ ಎಲೆ ರೋಗ ಹಬ್ಬಿದ ದೊಡ್ಡ ಪ್ರದೇಶ, ಗಾಳಿಗೆ ಸಾಲಾಗಿ ಬಿದ್ದ ಮರ, ಗದ್ದೆ ತೋಟವಾದದ್ದು, ಇಂಥವಕ್ಕೆ ಉಪಯೋಗವುಂಟು.

ಮಳೆಗಾಲದಲ್ಲಿ ನೆಲ ನೋಡಲೇಬೇಕಿದ್ದರೆ ರೇಡಾರ್ ಉಪಗ್ರಹ, ಅದು ಮೋಡ ದಾಟಿ ನೋಡುತ್ತೆ. ಯುರೋಪಿನ ಸೆಂಟಿನೆಲ್-1 ಉಚಿತ, ಅದೇ ಬ್ರೌಸರಿನಲ್ಲಿದೆ. ಕಣ್ಣು ಪಳಗಿಸಿಕೊಳ್ಳೋಕೆ ಮೊದಲು ಲಿಂಗನಮಕ್ಕಿ ನೋಡಿ. ನಿಂತ ನೀರು ಕಡುಕಪ್ಪು, ಮೇ ತಿಂಗಳ ಶರಾವತಿ ಹಿನ್ನೀರಿಗೂ ಸೆಪ್ಟೆಂಬರಿನದಕ್ಕೂ ಅಂಚು ಎಷ್ಟು ಸರಿದಿದೆ ಅಂತ ಸ್ಪಷ್ಟ. ನೀರು ಕಟ್ಟಿದ ಗದ್ದೆಯೂ ಕಪ್ಪಾಗಿ ಬರುತ್ತೆ, ಅದು ನೆರೆ ಅಲ್ಲ. ಆಗುಂಬೆ ಘಾಟಿಯಂಥ ಕಡಿದಾದ ಕಡೆ ಗುಡ್ಡದ ನೆತ್ತಿ ರೇಡಾರಿನ ಕಡೆಗೆ ವಾಲಿ ಬಿದ್ದಂತೆ ಕಾಣುತ್ತೆ, ಹಿಂಬದಿ ಏನೂ ಸಿಗಲ್ಲ. ಅಲ್ಲಿ ಆ ಚಿತ್ರ ನಂಬಬೇಡಿ. ಸೆಂಟಿನೆಲ್-1ರ ರೇಡಾರ್ ಅಲೆಯ ಉದ್ದ 5.6 ಸೆಂಟಿಮೀಟರ್, ತೋಟದ ಮೇಲಿನ ಸೋಗೆಗೇ ಬಡಿದು ವಾಪಸ್ಸಾಗುತ್ತೆ. ಸೋಗೆ ದಾಟಿ ಒಳಗಿಳಿಯೋದು 24 ಸೆಂಟಿಮೀಟರಿನ ಉದ್ದ ಅಲೆ, ಅದಕ್ಕೆ ಎಲ್ ಪಟ್ಟಿ ಅಂತಾರೆ. ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಅದರಲ್ಲಿ ಹಳೇ ಕೈ. ನಾಸಾ ಎಲ್ ಪಟ್ಟಿಯ ರೇಡಾರ್, ಇಸ್ರೋ ಅದಕ್ಕಿಂತ ಗಿಡ್ಡ ಅಲೆಯ ಎಸ್ ಪಟ್ಟಿಯ ರೇಡಾರ್ ಕೊಟ್ಟು ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋಯಿತು. ಅದು 12 ದಿನಕ್ಕೊಮ್ಮೆ ಅದೇ ಹಾದಿಗೆ ಬರುತ್ತೆ. ಕಾಡು, ಜರಿಯೋ ಗುಡ್ಡ, ಮಣ್ಣಿನ ತೇವ ಇವು ಅದರ ಕೆಲಸ.

ಇಸ್ರೋ ಚಿತ್ರಕ್ಕೆ ಎನ್‌ಆರ್‌ಎಸ್‌ಸಿಯ ಭೂನಿಧಿ ಪೋರ್ಟಲ್. ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾ 5.8 ಮೀಟರ್, ಗುಂಟೆಗೆ ಮೂರು ಚೌಕ, ಸೆಂಟಿನೆಲ್‌ಗಿಂತ ಚುರುಕು. ಆದರೆ ಅಷ್ಟು ಬೇಗ ಬೇಗ ಬರಲ್ಲ, ನೀಲಿ ಪಟ್ಟಿ ಇಲ್ಲದ ಕಾರಣ ನೈಜ ಬಣ್ಣದಲ್ಲಿ ಸಿಗಲ್ಲ, ತೋಟ ಕಾಡು ಎಲ್ಲ ಕೆಂಪಾಗಿ ಕಾಣುತ್ತೆ. ಹೆದರಬೇಡಿ, ಕೆಂಪು ಅಂದರೆ ಹಸಿರು ಚೆನ್ನಾಗಿದೆ ಅಂತ.

ಮಳೆಗೆ ನಾಸಾ ಮತ್ತು ಜಾಕ್ಸಾ 2014ರಲ್ಲಿ ಹಾರಿಸಿದ ಜಿಪಿಎಂ ಉಪಗ್ರಹ ಇದೆ, ಅದನ್ನೂ ಬೇರೆ ಉಪಗ್ರಹಗಳನ್ನೂ ಸೇರಿಸಿ ಅರ್ಧ ಗಂಟೆಗೊಂದು ಮಳೆ ನಕ್ಷೆ ಮಾಡ್ತಾರೆ. ಚೌಕ ಸುಮಾರು 11 ಕಿಲೋಮೀಟರ್. ಆಗುಂಬೆಯಿಂದ ತೀರ್ಥಹಳ್ಳಿಗೆ ಬರೋಷ್ಟರಲ್ಲಿ ಮಳೆ ಎಷ್ಟು ಬದಲಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ, ಅಷ್ಟು ದೂರಕ್ಕೆ ಮೂರು ಚೌಕ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ನಮ್ಮ ಇನ್ಸಾಟ್‌ನಂಥ ಹವಾಮಾನ ಉಪಗ್ರಹ ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅನ್ನೋದರ ಮೇಲೆ ಮಳೆ ಊಹಿಸುತ್ತೆ. ಘಟ್ಟಕ್ಕೆ ಒರಗಿ ಸುರಿಯೋ ಮುಂಗಾರಿನ ಮೋಡ ಬಹಳ ಸಲ ಎತ್ತರ ಇರಲ್ಲ, ನೆತ್ತಿ ಅಷ್ಟೇನೂ ತಣ್ಣಗಿರಲ್ಲ. ಜೋರು ಮಳೆ ಹೊಯ್ತಿದ್ದರೂ ಲೆಕ್ಕದಲ್ಲಿ ಕಮ್ಮಿ ಬರುತ್ತೆ. ಮಳೆ ಬರೋ ದಿಕ್ಕು ನೋಡೋಕೆ ಇನ್ಸಾಟ್ ಚಿತ್ರ ಸಾಕು. ಎಷ್ಟು ಮಿಲಿಮೀಟರ್ ಬಿತ್ತು ಅನ್ನೋದಕ್ಕೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿ ಪಂಚಾಯಿತಿಗಳಲ್ಲಿ ಇಟ್ಟಿರೋ ಮಳೆಮಾಪಕದ ಲೆಕ್ಕ ತಗೊಳ್ಳಿ, ಇಲ್ಲ ಅಂಗಳದಲ್ಲೇ ಒಂದು ಮಾಪಕ ನೆಡಿ.

ಬೇಲಿ ತಕರಾರಿಗೆ ಇವ್ಯಾವುದನ್ನೂ ಪ್ರಿಂಟ್ ತೆಗೆದುಕೊಂಡು ಹೋಗಬೇಡಿ. ಸೆಂಟಿನೆಲ್ ಚಿತ್ರವೇ ನೆಲದ ಮೇಲೆ ಕೆಲವು ಮೀಟರ್ ಆಚೀಚೆ ಕೂತಿರಬಹುದು. ರಾಜ್ಯ ಸರ್ಕಾರದ ಸರ್ವೆ ನಕ್ಷೆ ತೋರಿಸೋ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಗೆರೆಯೂ ಚಿತ್ರದ ಮೇಲೆ ಸರಿಯಾಗಿ ಕೂರದೇ ಇರೋದುಂಟು. ಅದಕ್ಕೆ ಸರ್ವೆ ಇಲಾಖೆಗೆ ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸೋದೇ ದಾರಿ.