ಪಗಾರ, ಕೂಲಿ, ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಕಾಂ. ಮುಗಿಸಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಪಗಾರ ತಿಂಗಳಿಗೆ 18,000. ತಮ್ಮ ಓದು ಬಿಟ್ಟು ಗಾರೆ ಕೆಲಸ ಕಲಿತ. ಈಗ ದಿನಕ್ಕೆ 1,000 ತರುತ್ತಾನೆ. ಮನೆಯಲ್ಲಿ ದಿನವೂ ಹೋಲಿಕೆ. ನಾನು ಓದಿದ್ದು ದಂಡವಾಯಿತೇ? (ಹುಬ್ಬಳ್ಳಿ)

ಉತ್ತರ: ನಿಮ್ಮ ಮನೆಯವರು 1,000ವನ್ನು 26ರಿಂದ ಗುಣಿಸಿ 26,000 ಎನ್ನುತ್ತಿರಬೇಕು. ತಪ್ಪಾಗುತ್ತಿರುವುದು ಅಲ್ಲೇ. ಗಾರೆ ಕೆಲಸಕ್ಕೆ ಮಳೆ ಅಡ್ಡ ಬರುತ್ತದೆ, ಮರಳು ಬಾರದ ದಿನವಿರುತ್ತದೆ, ಮನೆ ಕಟ್ಟಿಸುವವರ ದುಡ್ಡು ನಿಂತರೆ ಕೆಲಸವೂ ನಿಲ್ಲುತ್ತದೆ. ತಮ್ಮನಿಗೆ ಒಂದು ವರ್ಷ ಹಾಜರಿ ಬರೆದಿಡಲು ಹೇಳಿ. ವರ್ಷಕ್ಕೆ 230 ದಿನ ಕೆಲಸ ಸಿಕ್ಕಿತು ಎಂದುಕೊಂಡರೆ ಗಳಿಕೆ 2,30,000, ತಿಂಗಳಿಗೆ ಸುಮಾರು 19,170. ಕರಣಿ, ರಸಮಟ್ಟ, ಬೈಕಿನ ಪೆಟ್ರೋಲು ಇದರಲ್ಲೇ ಕಳೆಯಬೇಕು.

ಈಗ ನಿಮ್ಮದು. ವರ್ಷಕ್ಕೆ 2,16,000. 18,000 ಪೂರ್ತಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಎಂದು ಹಿಡಿಯೋಣ. ಪಿಎಫ್ (ಭವಿಷ್ಯ ನಿಧಿ) ಲೆಕ್ಕಕ್ಕೆ ಈಗಿನ ಮಿತಿ 15,000. ಅದರ ಶೇ. 12 ಎಂದರೆ 1,800 ನಿಮ್ಮ ಪಗಾರದಿಂದ ಮುರಿಯುತ್ತದೆ. ಇಎಸ್ಐಗೆ (ನೌಕರರ ರಾಜ್ಯ ವಿಮೆ) ಶೇ. 0.75, ಅಂದರೆ 135. ಕೈಗೆ ಬರುವುದು 16,065. ಮನೆಯವರಿಗೆ ಕಾಣುವುದು ಇಷ್ಟೇ. ಆದರೆ ಮಾಲೀಕರೂ ತಮ್ಮ ಪಾಲಿನ 1,800 ಪಿಎಫ್ ಕಟ್ಟಬೇಕು, ವರ್ಷಕ್ಕೆ 21,600. ಐದು ವರ್ಷ ಪೂರೈಸಿದರೆ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಇದೆ: ಕೊನೆಯ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ್ದು ಸಿಗುತ್ತದೆ, ನಿಮಗೆ 10,385. ಬೋನಸ್ಸು ಕನಿಷ್ಠ ಶೇ. 8.33. ಬಹಳ ಕಚೇರಿಗಳು ಇದನ್ನು 7,000ದ ಮೇಲಷ್ಟೇ ಲೆಕ್ಕ ಹಾಕಿ 6,997 ಕೊಟ್ಟು ಕೈತೊಳೆದುಕೊಳ್ಳುತ್ತವೆ. 7,000 ಅಥವಾ ನಿಮ್ಮ ಕೆಲಸದ ಕನಿಷ್ಠ ವೇತನ, ಎರಡರಲ್ಲಿ ಹೆಚ್ಚಿರುವುದರ ಮೇಲೆ ಕೊಡಬೇಕು. ಆ 6,997ನ್ನೇ ಹಿಡಿದರೂ ಎಲ್ಲ ಸೇರಿ 2,54,982 ಆಗುತ್ತದೆ. ಇಎಸ್ಐ ಬೇರೆ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70 ಬರುತ್ತದೆ. ತಮ್ಮ ಸಾರವೆಯಿಂದ ಬಿದ್ದು ಮೂರು ತಿಂಗಳು ಮಲಗಿದರೆ ಅವನಿಗೆ ಈ ಆಸರೆ ಇಲ್ಲ.

ಈ ಲೆಕ್ಕ ನಿಮ್ಮ ಕಡೆ ವಾಲುವುದು ಮಾಲೀಕರು ಇದನ್ನೆಲ್ಲ ನಿಜವಾಗಿ ಕೊಡುತ್ತಿದ್ದರೆ ಮಾತ್ರ. ಹಿಂದಿನ ತಿಂಗಳ ಪಿಎಫ್ ಈ ತಿಂಗಳ 15ರೊಳಗೆ ಕಟ್ಟಬೇಕು, ಆದ್ದರಿಂದ 25ರ ಸುಮಾರಿಗೆ ನಿಮ್ಮ ಪಿಎಫ್ ಖಾತೆಯ ಯುಎಎನ್ ಪಾಸ್‌ಬುಕ್ ತೆರೆದು ನೋಡಿ. ಪಗಾರದಲ್ಲಿ ಮುರಿದು ಖಾತೆಗೆ ಕಟ್ಟದಿರುವುದು, ಮಾಲೀಕರ ಪಾಲನ್ನೂ ನೌಕರರ ಪಗಾರದಲ್ಲೇ ಮುರಿಯುವುದು, ಇವೆರಡು ಮೋಸ ಹೆಚ್ಚು. ಪಿಎಫ್ ಅನ್ವಯಿಸುವುದು 20 ಜನರಿಗಿಂತ ಕಡಿಮೆಯಿಲ್ಲದ ಕಡೆ. ಇಎಸ್ಐಗೆ 10 ಜನ ಸಾಕು. ನಿಮ್ಮ ಕಚೇರಿಯಲ್ಲಿ ಏಳೆಂಟೇ ಜನರಿದ್ದು ಇದ್ಯಾವುದೂ ಇಲ್ಲದಿದ್ದರೆ ನಿಮ್ಮ ದುಡಿಮೆ 2,16,000ಕ್ಕೇ ನಿಲ್ಲುತ್ತದೆ, ತಮ್ಮನೇ ಮುಂದಿದ್ದಾನೆ. ಹಾಗಿದ್ದರೆ ಈ ಪಟ್ಟಿ ಹಿಡಿದುಕೊಂಡೇ ಪಗಾರ ಹೆಚ್ಚಿಸಲು ಕೇಳಿ. ಪದವಿಯ ಹೆಸರಲ್ಲಿ ಕೇಳಿದರೆ ಸಿಗದ್ದು ಲೆಕ್ಕದ ಮೇಲೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ತಮ್ಮನನ್ನು ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ. ವಯಸ್ಸು 18ರಿಂದ 60ರೊಳಗಿದ್ದು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದರೆ ಸಾಕು. ಅವನು ಬರೆದಿಟ್ಟ ಹಾಜರಿ ಅಲ್ಲೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಮಾತ್ರ ‘ಹೆಲ್ಪರ್’. ಪಗಾರ 15,600. ದಿನಾ 12 ತಾಸು ಕೆಲಸ. ಹೆಚ್ಚಿನ 4 ತಾಸಿಗೆ ತಾಸಿಗೆ 65ರಂತೆ ಕೊಡುತ್ತಾರೆ. ಇದು ಸರಿಯೇ? (ಹುಬ್ಬಳ್ಳಿ)

ಉತ್ತರ: ಎರಡೂ ಸರಿಯಿಲ್ಲ.

ಓಟಿ (ಹೆಚ್ಚಿನ ತಾಸಿನ ಕೂಲಿ) ಮೊದಲು. 15,600ನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, 8 ತಾಸಿಗೆ ಹಂಚಿದರೆ ತಾಸಿಗೆ 75. ಓಟಿ ದರ ಇದರ ಎರಡು ಪಟ್ಟು, 150. ನಿಮಗೆ ಕೊಡುತ್ತಿರುವ 65 ಎಲ್ಲಿಂದ ಬಂತು? 15,600ನ್ನು 30ರಿಂದ ಭಾಗಿಸಿ 520 ಮಾಡಿ, 8ರಿಂದ ಭಾಗಿಸಿದ್ದಾರೆ. ವಾರದ ರಜೆಯ ದಿನವನ್ನೂ ಎಣಿಕೆಗೆ ಸೇರಿಸಿ ದರ ಇಳಿಸಿದರು, ಮೇಲಿಂದ ದುಪ್ಪಟ್ಟು ಮಾಡುವುದನ್ನೂ ಬಿಟ್ಟರು. ತಿಂಗಳಲ್ಲಿ 26 ದಿನ, ದಿನಕ್ಕೆ 4 ತಾಸು ಎಂದರೆ 104 ತಾಸು. 150ರಂತೆ 15,600. ನಿಮ್ಮ ಇನ್ನೊಂದು ತಿಂಗಳ ಪಗಾರವೇ ಅದು! ಈಗ ಸಿಗುತ್ತಿರುವುದು 6,760. ತಿಂಗಳಿಗೆ 8,840 ನಿಮ್ಮ ಕೈತಪ್ಪುತ್ತಿದೆ.

ಇನ್ನು ‘ಹೆಲ್ಪರ್’ ಎಂಬ ಹೆಸರು. ಕನಿಷ್ಠ ವೇತನದ ಅಧಿಸೂಚನೆಯಲ್ಲಿ ಕುಶಲ, ಅರೆಕುಶಲ, ಅಕುಶಲ ಎಂದು ದರಗಳು ಬೇರೆ ಬೇರೆ. ಯಾವ ದರ ಎಂದು ತೀರ್ಮಾನಿಸುವುದು ನೀವು ಮಾಡುವ ಕೆಲಸ, ಪುಸ್ತಕದಲ್ಲಿ ಬರೆದ ಹೆಸರಲ್ಲ. ಡ್ರಾಯಿಂಗ್ ಓದಿ ಅಳತೆಗೆ ತಕ್ಕಂತೆ ಕಡೆಯುವವರನ್ನು ಹೆಲ್ಪರ್ ಎನ್ನಲಾಗದು. ಜಾಬ್ ಕಾರ್ಡು, ನಿಮ್ಮ ಸಹಿಯಿರುವ ಉತ್ಪಾದನೆಯ ಚೀಟಿ, ಐಟಿಐ ಪ್ರಮಾಣಪತ್ರ ಇವುಗಳ ಪ್ರತಿ ಇಟ್ಟುಕೊಳ್ಳಿ. ಬಂದ ಸಮಯ, ಹೋದ ಸಮಯವನ್ನು ಅದೇ ದಿನ ಬರೆದಿಡಿ. ತಿಂಗಳ ಕೊನೆಗೆ ನೆನಪಿನಿಂದ ಬರೆದದ್ದು ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಮೊದಲು ಲಿಖಿತವಾಗಿ ಕಾರ್ಖಾನೆಗೆ ಕೇಳಿ, ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಬಾಕಿ ಕೇಳಲು 3 ವರ್ಷ ಅವಕಾಶವಿದೆ. ಹಿಂದಿನ ಕನಿಷ್ಠ ವೇತನ ಕಾಯ್ದೆಯಲ್ಲಿ ಇದ್ದದ್ದು ಆರೇ ತಿಂಗಳು. ಒಬ್ಬರೇ ಹೋಗುವ ಬದಲು ಅದೇ ಪಾಳಿಯ ನಾಲ್ಕಾರು ಜನ ಕೂಡಿ ಹೋಗಿ.

ಪ್ರಶ್ನೆ: ಕನಿಷ್ಠ ವೇತನವನ್ನು ಯಾವ ಲೆಕ್ಕದಲ್ಲಿ ಗೊತ್ತು ಮಾಡುತ್ತಾರೆ? (ಧಾರವಾಡ)

ಉತ್ತರ: ಬುನಾದಿ 1957ರ ಭಾರತೀಯ ಕಾರ್ಮಿಕ ಸಮ್ಮೇಳನದ್ದು. ದುಡಿಯುವವರ ಬಳಕೆ 1 ಘಟಕ ಎಂದು ಹಿಡಿದರೆ ಹೆಂಡತಿಯದು 0.8, ಇಬ್ಬರು ಮಕ್ಕಳದು ತಲಾ 0.6, ಒಟ್ಟು 3 ಘಟಕ. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಜೊತೆಗೆ ಮನೆ ಬಾಡಿಗೆ. ಸೌದೆ-ದೀಪ ಮುಂತಾದವಕ್ಕೆ ಬೇರೆಯಾಗಿ ಒಟ್ಟು ವೇತನದ ಶೇ. 20. ಮಕ್ಕಳ ಓದು, ಔಷಧೋಪಚಾರ, ಮುಪ್ಪಿನ ಆಸರೆಗೆಂದು ಇನ್ನೂ ಶೇ. 25 ಸೇರಬೇಕೆಂದು ರಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಯಲ್ಲಿರುವ ಮುದಿ ತಂದೆ-ತಾಯಿ ಆ ಮೂರು ಘಟಕಗಳಲ್ಲಿಲ್ಲ. ನಮ್ಮ ಮನೆಗಳನ್ನು ಕಂಡವರಿಗೆ ಇದು ದೊಡ್ಡ ಕೊರತೆ.

ಕರ್ನಾಟಕದಲ್ಲಿ ಉದ್ದಿಮೆವಾರು ದರದ ಮೇಲೆ ತುಟ್ಟಿಭತ್ಯೆ ಕೂಡುತ್ತದೆ. ಅದು ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಕನಿಷ್ಠ ವೇತನಕ್ಕೆ ಸರಿಯಾಗಿ ಪಗಾರ ಪಡೆಯುವವರು ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಚೀಟಿಗಳನ್ನು ಜೊತೆಗಿಟ್ಟು ನೋಡಲಿ. ಅಂಕಿ ಕದಲದಿದ್ದರೆ ಕೇಳಬೇಕು.

ಪ್ರಶ್ನೆ: ಕೆಲಸ ಬಿಟ್ಟೆ. ಕೊನೆಯ ತಿಂಗಳ ಪಗಾರಕ್ಕೆ ‘45 ದಿನ ಬಿಟ್ಟು ಬಾ’ ಎನ್ನುತ್ತಿದ್ದಾರೆ. (ನವಲಗುಂದ)

ಉತ್ತರ: ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಬಟವಾಡೆ ಆಗಬೇಕು. ರಾಜೀನಾಮೆಯ ಪ್ರತಿಗೆ ತಾರೀಖು ಸಮೇತ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಇಲ್ಲವೇ ಇಮೇಲ್ ಕಳಿಸಿ.

ಪ್ರಶ್ನೆ: ಕಟ್ಟಡದ ಕೆಲಸದಲ್ಲಿ ಗಂಡಾಳಿಗೆ 700, ಹೆಣ್ಣಾಳಿಗೆ 500. ಕೇಳಿದರೆ ‘ಸಿಮೆಂಟ್ ಚೀಲ ಹೊರು, ಕೊಡ್ತೀನಿ’ ಅಂತಾನೆ ಗುತ್ತಿಗೆದಾರ. (ಕಲಘಟಗಿ)

ಉತ್ತರ: ಒಂದೇ ಬಗೆಯ ಕೆಲಸಕ್ಕೆ ಗಂಡು-ಹೆಣ್ಣೆಂದು ಕೂಲಿ ಬೇರೆ ಮಾಡುವುದು 1976ರಿಂದಲೇ ಕಾನೂನಿಗೆ ವಿರುದ್ಧ. ಈಗಿನ ವೇತನ ಸಂಹಿತೆಯಲ್ಲೂ ಅದೇ ಇದೆ. ಕುಶಲತೆ, ಶ್ರಮ, ಅನುಭವ, ಹೊಣೆ ಇವನ್ನು ನೋಡಿ ಕೆಲಸ ಒಂದೇ ಬಗೆಯದೇ ಎಂದು ಗೊತ್ತುಮಾಡುತ್ತಾರೆ. ಚೀಲದ ಮಾತಿಗೆ ಸೋಲಬೇಡಿ. ಗಂಡಾಳು ದಿನಕ್ಕೆ ಎಷ್ಟು ಚೀಲ ಇಳಿಸುತ್ತಾನೆ, ಉಳಿದ ಹೊತ್ತು ಏನು ಮಾಡುತ್ತಾನೆ ಬರೆದಿಡಿ. ಅರ್ಧ ತಾಸು ಚೀಲ ಹೊತ್ತು, ಉಳಿದ ಏಳೂವರೆ ತಾಸು ಇಬ್ಬರೂ ಕೂಡಿ ಕಾಂಕ್ರೀಟ್ ಕಲಸಿ, ಬುಟ್ಟಿ ದಾಟಿಸಿ, ಇಟ್ಟಿಗೆ ಸಾಗಿಸಿದರೆ ಆ 200ರ ಅಂತರಕ್ಕೆ ಆಧಾರವಿಲ್ಲ. 20 ದಿನಕ್ಕೆ ಅದು 4,000. ನಿರ್ಮಾಣ ಕೆಲಸದ ಈ ವರ್ಷದ ಕನಿಷ್ಠ ದರದ ಪಟ್ಟಿಯನ್ನೂ ಕಾರ್ಮಿಕ ಇಲಾಖೆಯಲ್ಲಿ ಕೇಳಿ ಪಡೆದು 500ಕ್ಕೆ ತಾಳೆ ನೋಡಿ. ಇನ್ನೊಂದು ಮಾತು: ಸರಿಸಮ ಮಾಡುತ್ತೇನೆಂದು ಗಂಡಾಳಿನ 700ನ್ನು ಇಳಿಸುವ ಹಾಗಿಲ್ಲ, ಅದನ್ನೂ ಕಾನೂನು ತಡೆದಿದೆ. ಏರಬೇಕಾದ್ದು ನಿಮ್ಮ ಕೂಲಿಯೇ ಎಂದು ಜೊತೆಯ ಗಂಡಾಳುಗಳಿಗೆ ಮೊದಲೇ ತಿಳಿಸಿ ಹೇಳಿ. ಆಗ ಅವರೂ ನಿಮ್ಮ ಪರ ಸಾಕ್ಷಿ ಹೇಳಲು ಅಂಜುವುದಿಲ್ಲ.