ಪ್ರತಿಕ್ರಿಯೆ: ರೀಮ್ಸ್ ರೇಸಿನ ಫೋಟೋದಲ್ಲಿ ಊರಿದೆ, ನಕ್ಷೆಯಲ್ಲಿ ಯಾಕಿಲ್ಲ?

ಫೋಟೋದಲ್ಲಿರುವ ಊರು ನಿಮ್ಮ ರೇಸ್ ದಾರಿಯ ನಕ್ಷೆಯಲ್ಲಿ ಇಲ್ಲದಿದ್ದರೆ, ಆ ನಕ್ಷೆ 1952ರ ನಂತರದ್ದಿರಬೇಕು. ಫ್ರಾನ್ಸಿನ ರೀಮ್ಸ್ ಸರ್ಕ್ಯೂಟ್‌ನಲ್ಲಿ (ಕಾರ್ ರೇಸಿನ ಸುತ್ತುದಾರಿ) 1926ರಿಂದ ರೇಸ್ ಸಾರ್ವಜನಿಕ ರಸ್ತೆಗಳ ಮೇಲೇ ನಡೆಯುತ್ತಿತ್ತು. ಕಾರುಗಳು ಗ್ಯೂ ಹಳ್ಳಿಯ ಮನೆಗಳ ನಡುವೆಯೇ ನುಗ್ಗುತ್ತಿದ್ದವು! 1952ರಲ್ಲಿ ಹಳ್ಳಿಯನ್ನು ಬಿಟ್ಟು ಹೊಸ ರಸ್ತೆ ಮಾಡಿದರು.

ಮೊದಲು ನಕ್ಷೆಯಲ್ಲಿ ಸುತ್ತಿನ ಉದ್ದ ನೋಡಿ. ಸುಮಾರು 7.8 ಕಿ.ಮೀ. ಇದ್ದರೆ ಹಳೆಯದು, 8.3 ಇದ್ದರೆ ಹೊಸದು. ಹೊಸ ದಾರಿಯಲ್ಲಷ್ಟೇ ಇದ್ದ ಮ್ಯುಜೋನ್ ತಿರುವು ಕಂಡರಂತೂ ಹೊಸದೇ. ಆಮೇಲೆ ಫೋಟೋ ನೋಡಿ. ಮನೆಗಳ ಪಕ್ಕ ರೇಸ್ ನಡೆದಿದ್ದರೆ ಅದು ಹಳೇ ದಾರಿಯದ್ದು. ಹಾಗಾಗಿ ಆ ಫೋಟೋ 1953ರ 12 ಗಂಟೆಗಳ ಸ್ಪೋರ್ಟ್ಸ್ ಕಾರ್ ರೇಸಿನದ್ದಾಗಿರಲು ಸಾಧ್ಯವಿಲ್ಲ. ನಿಖರ ವರ್ಷವನ್ನು ಇಷ್ಟರಿಂದಲೇ ಹೇಳಲಾಗದು, ಕಾರಿನ ಮಾದರಿಯನ್ನೂ ಹೋಲಿಸಬೇಕು.

1972ರಲ್ಲಿ ಸರ್ಕ್ಯೂಟ್ ಮುಚ್ಚಿತು, ಆದರೆ ಪಿಟ್ ಕಟ್ಟಡ (ರೇಸಿನ ನಡುವೆ ಕಾರು ನಿಲ್ಲಿಸಿ ಇಂಧನ ತುಂಬುವ, ರಿಪೇರಿ ಮಾಡುವ ಜಾಗ) ರಸ್ತೆ ಬದಿಯಲ್ಲಿ ಇನ್ನೂ ನಿಂತಿದೆ. ಫೋಟೋದಲ್ಲಿ ಅದಿದ್ದರೆ ಜಾಗ ಗುರುತಿಸೋದು ಸುಲಭ.